ಶ್ವಾಸಕೋಶದ ಶಿಲೀಂಧ್ರ ಮತ್ತು ರಕ್ತದ ವಿಕಾರ: ಏಡ್ಸ್ ಚರಿತ್ರೆಯ ಒಂದು ಅಧ್ಯಾಯ

ಏಡ್ಸ್ ಎಂಬ ಹೆಸರು ಹುಟ್ಟುವ ಮೊದಲೇ ಅದರ ಇರವನ್ನು ವೈದ್ಯಲೋಕಕ್ಕೆ ಅರುಹಿದ್ದು ಅಪರೂಪದ ಒಂದು ನ್ಯುಮೋನಿಯಾ. 1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ತನ್ನ ವಾರಪತ್ರಿಕೆಯಲ್ಲಿ ಲಾಸ್ ಏಂಜಲೀಸಿನ ಐವರು ಯುವಕರ ವಿವರಗಳನ್ನು ಪ್ರಕಟಿಸಿತು. ಮೊದಲು ಆರೋಗ್ಯವಂತರಾಗಿದ್ದ ಈ ಐವರಿಗೂ ನ್ಯುಮೋಸಿಸ್ಟಿಸ್ ನ್ಯುಮೋನಿಯಾ ತಗುಲಿತ್ತು. ವರದಿ ಅಚ್ಚಾಗುವ ವೇಳೆಗೆ ಇಬ್ಬರು ತೀರಿಕೊಂಡಿದ್ದರು. ಆ ಕೇಂದ್ರದ ಔಷಧ ವಿಭಾಗದಲ್ಲಿದ್ದ ಸಾಂಡ್ರಾ ಫೋರ್ಡ್, ಈ ರೋಗಕ್ಕೆ ಬಳಸುವ ಪೆಂಟಾಮಿಡಿನ್‌ಗೆ ಬೇಡಿಕೆ ಕಾರಣವಿಲ್ಲದೆ ಏರುತ್ತಿರುವುದನ್ನು ಅದೇ ವರ್ಷ ಗಮನಿಸಿ ಮೇಲಧಿಕಾರಿಗಳಿಗೆ ತಿಳಿಸಿದ್ದರು. ಮಹಾಮಾರಿಯ ಮೊದಲ ಸುಳಿವುಗಳಲ್ಲೊಂದು ಔಷಧ ವಿತರಣೆಯ ಲೆಕ್ಕದಲ್ಲಿ ದೊರೆತುದು ಚರಿತ್ರಕಾರರು ಮರೆಯಬಾರದ ಸಂಗತಿ.

ಈ ಸೂಕ್ಷ್ಮಜೀವಿಯ ಗುರುತೇ ಬಹುಕಾಲ ತಪ್ಪಾಗಿತ್ತು. 1909ರಲ್ಲಿ ಬ್ರೆಜಿಲಿನ ಕಾರ್ಲೋಸ್ ಚಾಗಸ್ ಅದನ್ನು ಕಂಡು ಟ್ರಿಪನೊಸೋಮದ ಒಂದು ಹಂತವೆಂದು ಭಾವಿಸಿದರು. ಅದು ಬೇರೆಯೇ ಜೀವಿಯೆಂದು 1912ರಲ್ಲಿ ಪ್ಯಾರಿಸ್ಸಿನ ಡೆಲನೋಯೆ ದಂಪತಿಗಳು ತೋರಿಸಿದರೂ ಏಕಕೋಶ ಪ್ರಾಣಿಗಳ ಸಾಲಿನಲ್ಲಿಯೇ ಅದು ಉಳಿಯಿತು. ಯುದ್ಧೋತ್ತರ ಯುರೋಪಿನ ಕೃಶ ಶಿಶುಗಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ನ್ಯುಮೋನಿಯಾಕ್ಕೆ ಇದೇ ಕಾರಣವೆಂದು ಜೆಕ್ ವಿಜ್ಞಾನಿಗಳಾದ ವಾನೆಕ್ ಮತ್ತು ಯಿರೋವೆತ್ಸ್ 1950ರ ದಶಕದ ಆರಂಭದಲ್ಲಿ ನಿರೂಪಿಸಿದರು. ಅದು ಶಿಲೀಂಧ್ರವೆಂದು ಆರ್.ಎನ್.ಎ. ಹೋಲಿಕೆಯಿಂದ ತಿಳಿದುಬಂದದ್ದು 1988ರಲ್ಲಿ. ಹಾಗಿದ್ದರೂ ಅದರ ಕೋಶಪೊರೆಯಲ್ಲಿ ಎರ್ಗೊಸ್ಟೆರಾಲ್ ಇಲ್ಲದ ಕಾರಣ ಆ ವಸ್ತುವನ್ನೇ ಗುರಿಯಾಗಿಸುವ ಶಿಲೀಂಧ್ರನಾಶಕಗಳು ಫಲಿಸವು. ಸಲ್ಫಾ ಗುಂಪಿನ ಕೋಟ್ರೈಮಾಕ್ಸಜೋಲ್ ಮುಖ್ಯ ಮದ್ದಾಗಿ ಉಳಿದಿದೆ.

ಶ್ವಾಸಕೋಶದ ಈ ಸೋಂಕಿಗೆ ಎಡೆಮಾಡಿಕೊಡುವುದು ರಕ್ತದಲ್ಲಿ ಸಿಡಿ4 ಬಿಳಿಕಣಗಳ ಕ್ಷಯ. ಘನ ಮಿಲಿಮೀಟರಿಗೆ 200ಕ್ಕಿಂತ ಕಡಿಮೆಯಾದಾಗ ಮುಂಜಾಗ್ರತೆಯ ಮದ್ದು ನೀಡಬೇಕೆಂಬ ಸೂಚನೆ 1989ರಲ್ಲಿ ಹೊರಟಿತು. ಆದರೆ ರಕ್ತದ ತೊಂದರೆ ಅಲ್ಲಿಗೇ ನಿಲ್ಲಲಿಲ್ಲ. ಎಚ್.ಐ.ವಿ.ಯ ಮೊದಲ ಔಷಧವಾದ ಜಿಡೊವುಡಿನ್‌ನ ಪ್ರಯೋಗಕ್ಕೆ ಸೇರಿದ 282 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಈ ನ್ಯುಮೋನಿಯಾದಿಂದ ಆಗಷ್ಟೇ ಚೇತರಿಸಿಕೊಂಡವರು. 1987ರಲ್ಲಿ ಪ್ರಕಟವಾದ ಫಲಿತಾಂಶದಂತೆ ಹುಸಿಗುಳಿಗೆ ಪಡೆದವರಲ್ಲಿ 19 ಮಂದಿ ಸತ್ತರೆ ಔಷಧ ಪಡೆದವರಲ್ಲಿ ಸತ್ತವರು ಒಬ್ಬರೇ. ಆದರೆ ಔಷಧ ಪಡೆದವರಲ್ಲಿ ಶೇ. 24 ಮಂದಿಯ ಹಿಮೋಗ್ಲೋಬಿನ್ 7.5 ಗ್ರಾಂಗಿಂತ ಕೆಳಗಿಳಿಯಿತು, ಶೇ. 21 ಮಂದಿಗೆ ಪದೇ ಪದೇ ರಕ್ತ ಕೊಡಬೇಕಾಯಿತು. ಆಗಿನ ಪ್ರಮಾಣ ದಿನಕ್ಕೆ 1,500 ಮಿಲಿಗ್ರಾಂ. ಮುಂದೆ ಅದು 600ಕ್ಕೆ ಇಳಿಯಿತು. ಕೋಟ್ರೈಮಾಕ್ಸಜೋಲ್ ಕೂಡ ಅಸ್ಥಿಮಜ್ಜೆಯನ್ನು ಕುಗ್ಗಿಸಬಲ್ಲದು. ಹೀಗೆ ಉಸಿರನ್ನು ಉಳಿಸುವ ಮದ್ದು, ಆಯುಷ್ಯವನ್ನು ಹೆಚ್ಚಿಸುವ ಮದ್ದು ಎರಡೂ ರಕ್ತದ ಮೇಲೆಯೇ ಭಾರ ಹೇರಿದವು.

ಭಾರತದಲ್ಲಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಅಂದಿನ ಮದ್ರಾಸಿನಲ್ಲಿ. ಇಲ್ಲಿ ರೋಗಿಗಳ ಶ್ವಾಸಕೋಶವನ್ನು ಹೆಚ್ಚಾಗಿ ಕಾಡಿದ್ದು ಕ್ಷಯವಾದ್ದರಿಂದ, ಕಫದ ಸಾಮಾನ್ಯ ಪರೀಕ್ಷೆಯಲ್ಲಿ ಸುಲಭವಾಗಿ ಗೋಚರಿಸದ ನ್ಯುಮೋಸಿಸ್ಟಿಸ್ ಅದರ ನೆರಳಿನಲ್ಲಿ ಮರೆಯಾಗುವ ಸಂಭವವಿತ್ತು. 2004ರ ಏಪ್ರಿಲ್‌ನಲ್ಲಿ ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಿದ್ದ ರಾಜ್ಯಗಳಲ್ಲಿ ಉಚಿತ ಚಿಕಿತ್ಸೆ ಆರಂಭವಾದಾಗ ರಕ್ತಹೀನತೆ ಮನೆಮನೆಯ ಸಂಗತಿಯಾಗಿದ್ದ ಈ ನಾಡಿನಲ್ಲಿ ಹಿಮೋಗ್ಲೋಬಿನ್ನಿನ ಅಂಕಿಯೇ ಔಷಧದ ಆಯ್ಕೆಯನ್ನು ನಿರ್ಧರಿಸತೊಡಗಿತು. ರಕ್ತ ಸಾಕಷ್ಟಿದ್ದವರಿಗೆ ಜಿಡೊವುಡಿನ್, ಇಲ್ಲದವರಿಗೆ ಸ್ಟಾವುಡಿನ್. ಎರಡನೆಯದು ನರಗಳಿಗೆ ಹಾನಿ ಮಾಡುತ್ತಿತ್ತು. ಟೆನೊಫೊವಿರ್ ಬಂದ ಮೇಲೆ ಈ ಇಕ್ಕಟ್ಟು ಬಹುಮಟ್ಟಿಗೆ ಸಡಿಲವಾಯಿತು.