ಎಲ್ಲೋರದ ಗುಹೆ ನಂಬರ್ ಇಸವಿ ಅಲ್ಲ

ಪುಣೆ, ಮುಂಬೈ, ಹೈದರಾಬಾದ್ ಕಡೆ ಇರೋ ನಮ್ಮವರು ಲಾಂಗ್ ವೀಕೆಂಡ್ ಸಿಕ್ಕಿದಾಗ ಒಮ್ಮೆಯಾದರೂ ಎಲ್ಲೋರಕ್ಕೆ ಹೋಗಿರ್ತಾರೆ. ಛತ್ರಪತಿ ಸಂಭಾಜಿನಗರದಿಂದ, ಅಂದರೆ ಹಳೇ ಔರಂಗಾಬಾದಿನಿಂದ, ಸುಮಾರು 30 ಕಿಲೋಮೀಟರ್. ಗೈಡ್ ತಗೊಂಡರೆ ಎರಡು ಗಂಟೆಯಲ್ಲಿ ಮುಗಿಸಿಬಿಡ್ತಾರೆ. ಮೊದಲು 16ನೇ ಗುಹೆ, ಅದೇ ಕೈಲಾಸ. ಆಮೇಲೆ 10, ಟೈಮ್ ಇದ್ದರೆ 12. ಫೋಟೋ, ಊಟ, ಪಕ್ಕದಲ್ಲೇ ಘೃಷ್ಣೇಶ್ವರನ ದರ್ಶನ, ವಾಪಸ್.

ನಾನು ಈ ಟೂರನ್ನ ಮೂರು ಸಲ ಮಾಡಿದ್ದೀನಿ, ಮೂರು ಬೇರೆ ಬೇರೆ ಗೈಡ್ ಜೊತೆ. ಮೂವರೂ ಹೇಳಿದ ಕಥೆ ಒಂದೇ. ಮೊದಲು ಬೌದ್ಧರು ಬಂದರು, 1ರಿಂದ 12 ಅವರದು. ಆಮೇಲೆ ಹಿಂದೂಗಳು ಬಂದು ಅವರನ್ನ ಓಡಿಸಿದರು, 13ರಿಂದ 29. ಕೊನೆಗೆ ಜೈನರು, 30ರಿಂದ 34. ಕೇಳಿದವರಲ್ಲಿ ಒಬ್ಬರಿಗೆ ಹೆಮ್ಮೆ, ಇನ್ನೊಬ್ಬರಿಗೆ ಮುಜುಗರ. ಊಟದ ಹೊತ್ತಿಗೆ ಅದು ವಾಟ್ಸಾಪ್ ಗ್ರೂಪಿನ ಜಗಳ ಆಗಿರುತ್ತೆ.

ಆದರೆ ಒಂದು ನಿಮಿಷ ಯೋಚನೆ ಮಾಡಿ. ಆ ನಂಬರ್ ಕೊಟ್ಟಿದ್ದು ಗುಹೆ ಕೊರೆದವರಲ್ಲ. ಬೆಟ್ಟದ ಸಾಲಿನ ದಕ್ಷಿಣದ ತುದಿಯಿಂದ ಶುರು ಮಾಡಿ ಉತ್ತರಕ್ಕೆ ನಡೀತಾ ಎಣಿಸಿದ್ದು, ಅದೂ ಎಷ್ಟೋ ಶತಮಾನ ಆದಮೇಲೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅದು ಇಂಡೆಕ್ಸ್, ಟೈಮ್‌ಸ್ಟಾಂಪ್ ಅಲ್ಲ. ಇಂಡೆಕ್ಸ್ ನೋಡಿ ಯಾರು ಯಾರನ್ನ ಓಡಿಸಿದರು ಅಂತ ಹೇಳೋಕಾಗುತ್ತಾ?

ಹಾಗಾಗಿ ಇವತ್ತು ನಾನೇ ಗೈಡ್. ಐದು ಗುಹೆ, ಬೇರೆ ಆರ್ಡರಿನಲ್ಲಿ.

ಕೈಲಾಸದ ಎದುರು ನಿಂತರೆ ನಿಮ್ಮ ಮುಖ ಪೂರ್ವಕ್ಕೆ ಇರುತ್ತೆ. ಬಲಗಡೆ ಬೌದ್ಧ ಗುಹೆಗಳು. ನಾವು ಮೊದಲು ಎಡಕ್ಕೆ ಹೋಗೋಣ, 21ನೇ ಗುಹೆಗೆ. ಹೆಸರು ರಾಮೇಶ್ವರ. ಅಂಗಳದಲ್ಲಿ ನಂದಿ, ಮುಂಭಾಗದಲ್ಲಿ ಮಕರದ ಮೇಲೆ ನಿಂತ ಗಂಗೆ, ಒಳಗೆ ಪಗಡೆ ಆಡುತ್ತಾ ಕೂತ ಶಿವ ಪಾರ್ವತಿ. ಇದು ಶೈವ ಗುಹೆ, ಕಾಲ ಆರನೇ ಶತಮಾನದ ಉತ್ತರಾರ್ಧ. ಇದರ ಆಸುಪಾಸಿನಲ್ಲಿ ಕಳಚುರಿ ದೊರೆ ಕೃಷ್ಣರಾಜನ ನಾಣ್ಯಗಳು ಸಿಕ್ಕಿವೆ. ಮುಂದೆ ಜಲಪಾತದ ಹತ್ತಿರ ಇರೋ 29ನೇ ಗುಹೆಯನ್ನ ಮುಂಬೈನವರು ನೋಡಿದರೆ ಎಲಿಫೆಂಟಾ ನೆನಪಾಗದೇ ಇರಲ್ಲ. ಅದೇ ವಿನ್ಯಾಸ, ಅದೇ ದೊಡ್ಡ ದೊಡ್ಡ ಶಿವನ ಫಲಕಗಳು.

ಈಗ 10ಕ್ಕೆ ಹೋಗೋಣ. ಬೌದ್ಧರ ಚೈತ್ಯ, ಎಲ್ಲೋರದಲ್ಲಿ ಈ ಥರದ್ದು ಇದೊಂದೇ. ಮೇಲ್ಛಾವಣಿಯನ್ನ ಮರದ ತೊಲೆಗಳ ಹಾಗೆ ಕಲ್ಲಲ್ಲೇ ಕೆತ್ತಿದ್ದಾರೆ. ಅದಕ್ಕೇ ಸ್ಥಳೀಯರು ಇದನ್ನ ಬಡಗಿಯ ಗುಡಿಸಲು ಅಂತ ಕರೆದರು, ವಿಶ್ವಕರ್ಮನ ಹೆಸರಿಟ್ಟರು. ಸ್ತೂಪದ ಮುಂದೆ ಕಾಲು ಇಳಿಬಿಟ್ಟು ಕೂತ ಬುದ್ಧ. ಗುಹೆ ಪಶ್ಚಿಮಕ್ಕೆ ಮುಖ ಮಾಡಿರೋದರಿಂದ ಮಧ್ಯಾಹ್ನದ ನಂತರ ಬನ್ನಿ, ಬೆಳಕು ಚೆನ್ನಾಗಿರುತ್ತೆ. ಇದರ ಕಾಲ ಏಳನೇ ಶತಮಾನದ ಕೊನೆ ಹೊತ್ತು ಅಂತ ಹೇಳ್ತಾರೆ. ಅಂದರೆ 21ನೇ ನಂಬರಿನ ಶಿವ ಮೊದಲು, 10ನೇ ನಂಬರಿನ ಬುದ್ಧ ಆಮೇಲೆ. ವಾಲ್ಟರ್ ಸ್ಪಿಂಕ್, ಗೆರಿ ಮಲಾಂಡ್ರಾ ಥರದ ವಿದ್ವಾಂಸರು ಗುಹೆ ಗುಹೆ ಹೋಲಿಸಿ ಒಪ್ಪಿದ ಕ್ರಮ ಇದು. ಗೈಡ್ ಕಥೆಯ ಮೊದಲ ಸಾಲೇ ಇಲ್ಲಿಗೆ ಬಿತ್ತು.

12 ಇನ್ನೂ ಮಜಾ. ಮೂರು ಮಹಡಿ, ಹೊರಗಿನಿಂದ ನೋಡಿದರೆ ಸರ್ಕಾರಿ ಕ್ವಾರ್ಟರ್ಸ್ ಥರ ಸಪ್ಪೆ. ಮೆಟ್ಟಿಲು ಹತ್ತಿ, ಬಿಡಬೇಡಿ. ಮೇಲಿನ ಹಾಲಿನಲ್ಲಿ ಗರ್ಭಗುಡಿಯ ಎರಡೂ ಕಡೆ ಏಳೇಳು ಬುದ್ಧರು ಸಾಲಾಗಿ ಕೂತಿದ್ದಾರೆ. ಓಡಿಹೋಗುವ ಜನ ಮಾಡೋ ಕೆಲಸ ಅಲ್ಲ ಅದು.

ಹಾಗಂತ ಎಲ್ಲ ಅಣ್ಣತಮ್ಮಂದಿರ ಥರ ಇದ್ದರು ಅಂತ ಇನ್ನೊಂದು ಸಿಹಿ ಕಥೆ ಹೇಳೋದೂ ನನಗೆ ಇಷ್ಟ ಇಲ್ಲ. 15ನೇ ಗುಹೆಗೆ ಬನ್ನಿ, ದಶಾವತಾರ. ಇದು ಬೌದ್ಧ ವಿಹಾರವಾಗಿ ಶುರುವಾಗಿ ಆಮೇಲೆ ಹಿಂದೂ ದೇವಾಲಯ ಆಯ್ತು ಅನ್ನೋದು ಬಹಳ ವಿದ್ವಾಂಸರ ಅಭಿಪ್ರಾಯ. ಅಂಗಳದ ಮಂಟಪದ ಮೇಲೆ ರಾಷ್ಟ್ರಕೂಟ ದಂತಿದುರ್ಗನ ಶಾಸನ ಇದೆ. 753ರ ಸುಮಾರಿಗೆ ಬಾದಾಮಿಯ ಎರಡನೇ ಕೀರ್ತಿವರ್ಮನನ್ನ ಸೋಲಿಸಿ ಚಾಲುಕ್ಯರ ಆಳ್ವಿಕೆ ಮುಗಿಸಿದವನು ಇವನೇ. ರಾಜ ಬದಲಾದ, ದಾನ ಕೊಡೋರು ಬದಲಾದರು, ಅರ್ಧ ಆದ ಕೆಲಸ ಬೇರೆಯವರ ಕೈಗೆ ಹೋಯಿತು. ಒಂದು ಕಡೆ ಕೈಬದಲು ಆಗಿರೋದನ್ನ ಒಪ್ಪೋಣ, ಅದನ್ನ 34 ಗುಹೆಗಳ ಕಥೆ ಮಾಡೋದು ಬೇಡ.

ಕೊನೆಗೆ 16. ದಂತಿದುರ್ಗನ ಚಿಕ್ಕಪ್ಪ ಒಂದನೇ ಕೃಷ್ಣನ ಕೆಲಸ, 756ರಿಂದ 773ರ ಆಸುಪಾಸಿನ ಆಳ್ವಿಕೆ. ಬೆಟ್ಟವನ್ನ ಮೇಲಿನಿಂದ ಕೆಳಗೆ ಕೊರೆದು ಬಿಡಿಸಿದ ದೇವಸ್ಥಾನ, ಹಿಂದಿನ ಗೋಡೆ ಸುಮಾರು 33 ಮೀಟರ್ ಎತ್ತರ. ತಪ್ಪಾದರೆ ರೋಲ್‌ಬ್ಯಾಕ್ ಇಲ್ಲ. ಯೂಟ್ಯೂಬಿನಲ್ಲಿ ಏಲಿಯನ್ ಕಟ್ಟಿದರು ಅಂತ ಹೇಳೋರಿಗೆ ನನ್ನದೊಂದು ವಿನಂತಿ, ಇದೇ ಬೆಟ್ಟದಲ್ಲಿ ಅರ್ಧಕ್ಕೆ ನಿಂತ ಗುಹೆಗಳಿವೆ, ಉಳಿಯ ಗುರುತು ಹಾಗೇ ಇದೆ, ದಯವಿಟ್ಟು ಹೋಗಿ ನೋಡಿ. 812ರ ಹೊತ್ತಿನ ವಡೋದರಾ ತಾಮ್ರಪಟ ಏಲಾಪುರದ ಬೆಟ್ಟದ ಮೇಲೆ ಕೃಷ್ಣರಾಜ ಮಾಡಿಸಿದ ಅದ್ಭುತ ದೇಗುಲದ ಬಗ್ಗೆ ಹೇಳುತ್ತೆ. ಕೆತ್ತಿದ ಶಿಲ್ಪಿಗೇ ಇದನ್ನ ಹೇಗೆ ಮಾಡಿದೆ ಅಂತ ಆಶ್ಚರ್ಯ ಆಯ್ತಂತೆ. ಡೆಡ್‌ಲೈನ್ ಮುಗಿಸಿ ಪ್ರೊಡಕ್ಷನ್‌ಗೆ ಹಾಕಿದ ರಾತ್ರಿ ನಮಗೂ ಹಾಗೇ ಅನ್ಸುತ್ತೆ ಬಿಡಿ.

ಇಲ್ಲಿ ನಮ್ಮವರು ಹೇಳೋ ಮಾತು ಒಂದಿದೆ: ಇದು ಕನ್ನಡಿಗರು ಕಟ್ಟಿದ್ದು. ಹೆಮ್ಮೆ ಪಡೋಣ, ಸ್ವಲ್ಪ ತಾಳಿ. ಪಟ್ಟದಕಲ್ಲಿನ ವಿರೂಪಾಕ್ಷ ನೋಡಿದವರಿಗೆ ಈ ನಕ್ಷೆ ಗುರುತು ಸಿಗುತ್ತೆ, ಬಾಗಿಲು, ನಂದಿಮಂಟಪ, ಕಂಬಗಳ ಸಭಾಮಂಟಪ, ಅದರ ಹಿಂದೆ ದ್ರಾವಿಡ ಶಿಖರ. ವಿರೂಪಾಕ್ಷವನ್ನ ಕಟ್ಟಿಸಿದ್ದು ಲೋಕಮಹಾದೇವಿ, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದದ್ದಕ್ಕೆ. ಅದರ ಮಾದರಿಯೋ, ಸೋತ ಪಲ್ಲವರ ಕಂಚಿಯ ಕೈಲಾಸನಾಥ! ಚೆನ್ನೈನಲ್ಲಿರೋರು ಹೋದರೆ ಆ ಕೈಲಾಸನಾಥದ ಕಂಬದ ಮೇಲೆ ವಿಕ್ರಮಾದಿತ್ಯನ ಕನ್ನಡ ಶಾಸನ ಹುಡುಕಿ, ದೇವಸ್ಥಾನದ ಸಂಪತ್ತನ್ನ ವಾಪಸ್ ಕೊಟ್ಟೆ ಅಂತ ಬರೆಸಿದ್ದಾನೆ. ಅಂದರೆ ಚಾಲುಕ್ಯರು ಪಲ್ಲವರನ್ನ ಸೋಲಿಸಿ ಅವರ ಡಿಸೈನ್ ತಂದರು, ರಾಷ್ಟ್ರಕೂಟರು ಚಾಲುಕ್ಯರನ್ನ ಸೋಲಿಸಿ ಅವರ ಡಿಸೈನ್ ತಂದರು. ಅದೂ ಎಲ್ಲಿಗೆ? ಕವಿರಾಜಮಾರ್ಗ ಕನ್ನಡ ನಾಡನ್ನ ಕಾವೇರಿಯಿಂದ ಗೋದಾವರಿವರೆಗೆ ಅಂತ ಹೇಳುತ್ತಲ್ಲ, ಎಲ್ಲೋರ ಗೋದಾವರಿಗಿಂತ ಸ್ವಲ್ಪ ಉತ್ತರಕ್ಕೇ ಇದೆ. ಊರು ಬಿಟ್ಟು ಬಂದು ಕೆಲಸ ಮಾಡಿದ ಗ್ಯಾಂಗಿನಲ್ಲಿ ನಾವು ಮೊದಲಿನವರಲ್ಲ.

ಟೈಮ್ ಉಳಿದರೆ 32, ಜೈನರ ಇಂದ್ರಸಭಾ, ನೋಡಿಬಿಡಿ. ಸೂಕ್ಷ್ಮ ಕೆತ್ತನೆಯಲ್ಲಿ ಉಳಿದವೆಲ್ಲ ಅದರ ಮುಂದೆ ಸ್ವಲ್ಪ ಒರಟು. ಮಂಗಳವಾರ ಮಾತ್ರ ಹೋಗಬೇಡಿ, ಎಲ್ಲೋರಕ್ಕೆ ಅವತ್ತು ರಜೆ. ಅಜಂತಾಕ್ಕೆ ಸೋಮವಾರ ರಜೆ. ಎರಡನ್ನೂ ಸೇರಿಸಿ ಪ್ಲಾನ್ ಮಾಡೋರು ಬುಧವಾರದಿಂದ ಶುರು ಮಾಡಿ.