ಮೊಲದ ಗೂಡಿನ ತೇವ, ಮರಿಗಳ ಕಾಯಿಲೆ

ನೀಲಗಿರಿ, ವಯನಾಡು ಕಡೆಯ ನಮ್ಮ ಸದಸ್ಯರಲ್ಲಿ ಕೆಲವರು ಹಿತ್ತಲಲ್ಲಿ ಮೊಲ ಸಾಕುತ್ತಾರೆ. ತಾಯಿ ಹಾಲು ಬಿಟ್ಟ ಮರಿಗಳು ಒಂದೊಂದಾಗಿ ಸಾಯುತ್ತವೆ, ಔಷಧಿ ಕೊಟ್ಟರೂ ಮತ್ತೆ ಅದೇ ಪಾಡು ಎಂಬುದು ಅವರ ಅಳಲು. ಬೇರೆ ಊರುಗಳ ಸದಸ್ಯರಿಗೂ ಉಪಯೋಗವಾಗಲೆಂದು ತಿಳಿದಷ್ಟನ್ನು ಇಲ್ಲಿ ಕೊಡುತ್ತಿದ್ದೇವೆ.

ಇಂಥ ಸಾವುಗಳಿಗೆ ಬಹಳ ಸಲ ಕಾರಣ ಕಾಕ್ಸಿಡಿಯಾ ರೋಗ. ಐಮೇರಿಯಾ ಎಂಬ ಕಣ್ಣಿಗೆ ಕಾಣದ ಪರೋಪಜೀವಿ ಇದನ್ನು ತರುತ್ತದೆ. ಅದರ ಕೆಲವು ಜಾತಿಗಳು ಕರುಳಿಗೆ ಬಿದ್ದು ಭೇದಿ ಹಿಡಿಸುತ್ತವೆ; ಐಮೇರಿಯಾ ಸ್ಟೀಡೆ ಎಂಬುದು ಪಿತ್ತಜನಕಾಂಗಕ್ಕೆ ಹೋಗಿ ಬಿಳಿ ಗಂಟುಗಳನ್ನು ಎಬ್ಬಿಸುತ್ತದೆ. ಹೊಟ್ಟೆ ಉಬ್ಬುತ್ತದೆ, ಮೈ ಇಳಿಯುತ್ತದೆ. ದೊಡ್ಡ ಮೊಲಗಳು ಚೆನ್ನಾಗಿಯೇ ಇದ್ದು ರೋಗವನ್ನು ಹೊತ್ತು ತಿರುಗುತ್ತವೆ.

ಗಮನಿಸಬೇಕಾದ ಮಾತು ಇದು. ಹಿಕ್ಕೆಯೊಡನೆ ಹೊರಬೀಳುವ ರೋಗದ ಕೋಶ ಆ ಕ್ಷಣಕ್ಕೆ ನಿರಪಾಯಕಾರಿ. ತೇವ, ಬೆಚ್ಚನೆಯ ಹವೆ, ಗಾಳಿ ಮೂರೂ ಸಿಕ್ಕರೆ ಜಾತಿಗೆ ತಕ್ಕಂತೆ ಒಂದರಿಂದ ಮೂರ್ನಾಲ್ಕು ದಿನಗಳಲ್ಲಿ ಅದು ಬಲಿಯುತ್ತದೆ; ಆಮೇಲೆ ಮೇವಿನೊಡನೆ ಮರಿಯ ಹೊಟ್ಟೆ ಸೇರಿದರೆ ರೋಗ. ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುವುದನ್ನು ಕಂಡು ಕೆಲವರು ಹೌಹಾರುತ್ತಾರೆ. ಅದು ಅದರ ಹುಟ್ಟುಗುಣ, ತಡೆಯಬೇಕಾಗಿಲ್ಲ. ಅದರಲ್ಲಿರುವ ಕೋಶಗಳು ಇನ್ನೂ ಬಲಿತಿರುವುದಿಲ್ಲ.

ಹಾಗಾಗಿ ಹಿಕ್ಕೆ ಮೊಲದಿಂದ ಬೇಗ ದೂರವಾಗುವಂತೆ ಗೂಡು ಕಟ್ಟಬೇಕು. ನೆಲದ ಮೇಲೆ ಹುಲ್ಲು, ಗೋಣಿ ಹಾಸಿ ಗುಂಪಾಗಿ ಬಿಟ್ಟರೆ ತುಳಿದದ್ದನ್ನೇ ತಿನ್ನುತ್ತವೆ. ನೆಲದಿಂದ ಮೇಲೆತ್ತಿ ಕಟ್ಟಿದ, ತಂತಿ ಬಲೆಯ ತಳದ ಗೂಡಿನಲ್ಲಿ ಹಿಕ್ಕೆ, ಮೂತ್ರ ಕೆಳಗಿಳಿಯುತ್ತವೆ. ಆದರೆ ಬರಿಯ ತಂತಿಯ ಮೇಲೆ ಭಾರದ ಮೊಲಗಳ ಹಿಂಗಾಲಿನ ಅಡಿ ಹುಣ್ಣಾಗುತ್ತದೆ. ಅದಕ್ಕೆಂದು ಒಂದು ಹಲಗೆ ಇಡುತ್ತಾರೆ. ಇಡಲಿ, ಆದರೆ ದಿನಾ ತೆಗೆದು ತೊಳೆದು ಬಿಸಿಲಿಗೆ ಒಣಗಿಸಬೇಕು. ಹಲಗೆ ಇಟ್ಟು ಮರೆತವರ ಗೂಡಿನಲ್ಲಿ ರೋಗ ಹೆಚ್ಚಾದರೆ ತಪ್ಪು ಹಲಗೆಯದಲ್ಲ. ಮೇವಿನ ತೊಟ್ಟಿಯೊಳಗೆ ಮರಿಗಳು ಕೂರದಂತೆ ನೋಡಬೇಕು, ನೀರಿನ ಬಾಟಲಿ ಸೋರಬಾರದು. ಮರಿ ಹಾಕುವ ಪೆಟ್ಟಿಗೆಯ ಹಾಸು ಒದ್ದೆಯಾದ ಕೂಡಲೇ ಬದಲಾಯಿಸಬೇಕು.

ಫಿನೈಲ್, ಬ್ಲೀಚಿಂಗ್ ಪುಡಿಗೆ ಈ ಕೋಶಗಳು ಜಗ್ಗುವುದಿಲ್ಲ. ಕುದಿಯುವ ನೀರು, ಬೆಂಕಿಯ ಜ್ವಾಲೆ, ಪೂರ್ತಿ ಒಣಗಿಸುವುದು, ಇವೇ ಗತಿ. ಜ್ವಾಲೆ ಹಿಡಿಯುವಾಗ ಗೂಡು ಖಾಲಿ ಇರಬೇಕೆಂದು ಹೇಳಬೇಕಾಗಿಲ್ಲವಷ್ಟೆ.

ಮಳೆಗಾಲದ ಗುಡ್ಡಗಾಡಿನಲ್ಲಿ ತೇವ ತಾನಾಗಿ ಬರುತ್ತದೆ. ಇಳಿಜಾರಾದ ನೆಲ, ಗಾಳಿಯಾಡುವ ಪಕ್ಕಗಳು ಬೇಕು. ಜತ್ತ, ಆದೋನಿಯಂಥ ಬಿಸಿಲುಸೀಮೆಯಲ್ಲಿ ತೇವವನ್ನು ನಾವೇ ತರುತ್ತೇವೆ. ಮೊಲಕ್ಕೆ ಸೆಕೆ ಆಗದೆಂದು ಗೂಡಿನೊಳಗೆ ನೀರು ಚಿಮುಕಿಸುವವರುಂಟು. ಮಾಡಿನ ಮೇಲೆ ನೀರು ಹಾಕಿ, ಗೂಡಿನ ತಳಕ್ಕಲ್ಲ.

ಕಿವಿಯೊಳಗೆ ಹೆಕ್ಕಳೆ ಕಟ್ಟುವ ಕಜ್ಜಿಯ ನುಸಿಯೂ ಇಕ್ಕಟ್ಟಿನ ಗೂಡಿನಲ್ಲಿ ಬೇಗ ಹಬ್ಬುತ್ತದೆ. ತಂಪು, ತೇವ ಇದ್ದರೆ ಮೊಲದ ಮೈ ಬಿಟ್ಟೂ ಕೆಲವು ದಿನ ಬದುಕುತ್ತದೆ, ಆದ್ದರಿಂದ ಚಿಕಿತ್ಸೆಯ ದಿನವೇ ಗೂಡನ್ನೂ ಶುಚಿ ಮಾಡಬೇಕು. ನಾಯಿಯ ಒಂದು ಬಗೆಯ ಲಾಡಿಹುಳುವಿನ ಮೊಟ್ಟೆ ಹುಲ್ಲಿನ ಮೂಲಕ ಮೊಲಕ್ಕೆ ಬಂದು, ಹೊಟ್ಟೆಯೊಳಗೆ ನೀರುಗುಳ್ಳೆಗಳಾಗುತ್ತವೆ. ಮೇವು ಕೊಯ್ಯುವ ಜಾಗಕ್ಕೆ ನಾಯಿ ಬಿಡಬೇಡಿ, ಕೊಯ್ದ ಮೊಲದ ಕರುಳುಬೆರಳನ್ನು ಹಸಿಯಾಗಿ ನಾಯಿಗೆ ಹಾಕಬೇಡಿ. ಔಷಧಿಯ ಪ್ರಮಾಣವನ್ನು ನಾವು ಇಲ್ಲಿ ಬರೆಯುವುದಿಲ್ಲ; ಒಂದಿಷ್ಟು ಹೊಸ ಹಿಕ್ಕೆಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಹತ್ತಿರದ ಪಶುವೈದ್ಯರಲ್ಲಿಗೆ ಹೋಗಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುತ್ತಾರೆ.