ಹಳೆಯ ಕೋವಿಯ ಪೂರ್ವೋತ್ತರ

ಬಹುಕಾಲದ ಜೋಡಿನಳಿಗೆಯ ಕೋವಿಯೊಂದು ಮನೆಯ ಗೋಡೆಯಿಂದ ಇಳಿದುಬಂದರೆ, ಅದರೊಡನೆ ಒಂದು ಕಥೆಯೂ ಇಳಿದುಬರುವುದು ವಾಡಿಕೆ: ಹಿಂದೆ ಇದು ಇಂತಹ ಪಂದ್ಯವನ್ನು ಗೆದ್ದಿತ್ತು, ಎಂದು. ಆ ಮಾತನ್ನು ಒರೆಗೆ ಹಚ್ಚುವ ಬಗೆಯನ್ನು ಅಮೆರಿಕೆಯ ಪಾರ್ಕರ್ ಕೋವಿಯ ನಿದರ್ಶನದಿಂದ ವಿಚಾರಿಸೋಣ.

ಕನೆಕ್ಟಿಕಟ್ ಪ್ರಾಂತದ ಮೆರಿಡನ್ ಪಟ್ಟಣದಲ್ಲಿ ಪಾರ್ಕರ್ ಸೋದರರು ತಮ್ಮ ಕೋವಿಗಳಿಗೆ ಕ್ರಮಸಂಖ್ಯೆಯನ್ನು ಹಾಕುತ್ತಿದ್ದರು. ಅವರ ಕಾರ್ಖಾನೆಯ ಲೆಕ್ಕದ ಪುಸ್ತಕಗಳಲ್ಲಿ ಅನೇಕವು ಉಳಿದಿವೆ. ಸಂಖ್ಯೆಯನ್ನು ಹಿಡಿದು ಹುಡುಕಿದರೆ ನಳಿಗೆಯ ಉದ್ದ, ಕೆಲಸದ ದರ್ಜೆ, ತರಿಸಿಕೊಂಡವರ ಹೆಸರು ದೊರೆಯಬಹುದು. ಆದರೆ ಈ ಪುಸ್ತಕವು ಕೋವಿಯನ್ನು ಕಾರ್ಖಾನೆಯ ಬಾಗಿಲವರೆಗೆ ಮಾತ್ರ ತಲುಪಿಸುತ್ತದೆ. ಅಲ್ಲಿಂದ ಮುಂದಕ್ಕೆ ಪಂದ್ಯಗಳ ಇತಿಹಾಸವೇ ನಮಗೆ ಆಧಾರ.

ಮೊದಲಿಗೆ ಜೀವಂತ ಪಾರಿವಾಳವನ್ನು ಪೆಟ್ಟಿಗೆಯಲ್ಲಿಟ್ಟು, ಹಗ್ಗವೆಳೆದು ಹಾರಿಸಿ ಹೊಡೆಯುತ್ತಿದ್ದರು. 1866ರ ಸುಮಾರಿಗೆ ಗಾಜಿನ ಗೋಲಿಗಳು ಬಂದವು. 1880ರಲ್ಲಿ ಸಿನ್ಸಿನಾಟಿ ನಗರದ ಜಾರ್ಜ್ ಲಿಗೋವ್‌ಸ್ಕಿ ಮಣ್ಣಿನ ಬಿಲ್ಲೆಗೆ ಪೇಟೆಂಟು ಪಡೆದನು. ಆದುದರಿಂದ 1875ರಲ್ಲಿ ಮಣ್ಣಿನ ಬಿಲ್ಲೆಗಳನ್ನು ಹೊಡೆದು ಗೆದ್ದಿತೆಂಬ ಕಥೆಯನ್ನು ನಾವು ಒಪ್ಪಲಾರೆವು. 1893ರಲ್ಲಿ ನ್ಯೂಯಾರ್ಕಿನ ಡೆಕ್ಸ್ಟರ್ ಪಾರ್ಕಿನಲ್ಲಿ ನಡೆದ ಮೊದಲನೆಯ ಗ್ರ್ಯಾಂಡ್ ಅಮೆರಿಕನ್ ಪಂದ್ಯದಲ್ಲಿ ಗುರಿಯಾದುದು ಜೀವಂತ ಪಾರಿವಾಳ. ಅದೇ ಹೆಸರಿನ ಪಂದ್ಯವು ಮಣ್ಣಿನ ಬಿಲ್ಲೆಗಳಿಂದ ಮೊದಲು ನಡೆದುದು 1900ರಲ್ಲಿ. 100 ಬಿಲ್ಲೆಗಳಲ್ಲಿ 91ನ್ನು ಒಡೆದು ರೋಲಾ ಹೈಕ್ಸ್ ಗೆದ್ದನು. ಒಂದೇ ಹೆಸರಿನ ಬಹುಮಾನವಾದರೂ, ಇಸವಿಯನ್ನು ಕೇಳದೆ ಕೋವಿಯು ಏನನ್ನು ಹೊಡೆಯಿತೆಂದು ಹೇಳಲಾಗದು.

ಇದು ಬರಿಯ ತಾರೀಖಿನ ಸೂಕ್ಷ್ಮವಲ್ಲ. 1881ರಲ್ಲಿ ನ್ಯೂಯಾರ್ಕಿನ ಕೋನಿ ದ್ವೀಪದ ಪಂದ್ಯಕ್ಕಾಗಿ ಸುಮಾರು 20,000 ಪ್ಯಾಸೆಂಜರ್ ಪಾರಿವಾಳಗಳನ್ನು ಹಿಡಿದು ತರಿಸಿದ್ದರು. ಒಂದು ಕಾಲಕ್ಕೆ ಆಕಾಶವನ್ನೇ ಮುಚ್ಚುವಂತೆ ಹಾರುತ್ತಿದ್ದ ಕುಲವದು. ಅದರ ನಾಶಕ್ಕೆ ಮಾರಾಟದ ಬೇಟೆಯೂ ಕಾಡಿನ ಕಡಿತವೂ ಮುಖ್ಯ ಕಾರಣಗಳು. ಪಂದ್ಯಗಳ ಪಾಲೂ ಅದರಲ್ಲಿ ಸೇರಿತ್ತು. ಅದರ ಕೊನೆಯ ಹಕ್ಕಿ 1914ರ ಸೆಪ್ಟೆಂಬರ್ 1ರಂದು ಸತ್ತುದು ಸಿನ್ಸಿನಾಟಿಯ ಮೃಗಾಲಯದಲ್ಲಿ. ಹಕ್ಕಿಗೆ ಬದಲಾಗಿ ಮಣ್ಣಿನ ಬಿಲ್ಲೆಯನ್ನು ಕಲ್ಪಿಸಿದ ಊರೂ ಅದೇ.

ಆದುದರಿಂದ ಹಳೆಯ ಕೋವಿಯ ಚರಿತ್ರೆಯನ್ನು ಬರೆಯುವವರು ಕ್ರಮಸಂಖ್ಯೆಯನ್ನೂ ಕಾರ್ಖಾನೆಯ ಪುಸ್ತಕವನ್ನೂ ಅಂದಿನ ಪತ್ರಿಕೆಗಳ ಪಂದ್ಯವರದಿಯನ್ನೂ ಜೊತೆಗಿಟ್ಟು ನೋಡಬೇಕು. ಮೂರೂ ಒಂದನ್ನೇ ನುಡಿದರೆ ಮನೆತನದ ಕಥೆಗೆ ಪ್ರಮಾಣ ಸಿಕ್ಕಿತು. ಆಗಲೂ ಗೆದ್ದವನ ಹೆಸರಿನ ಪಕ್ಕದಲ್ಲಿ, ಎದುರಿಗಿದ್ದುದು ಮಣ್ಣೋ ಪ್ರಾಣವೋ ಎಂಬುದನ್ನು ಬರೆದಿಡುವುದು ನಮ್ಮ ಕರ್ತವ್ಯ.